ಗಟ್ಟಿಮುಟ್ಟಾದ ರೋಗಿ

ಕೊಪ್ಪಳದ ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿ ನಿಂತು ಫಕೀರಮ್ಮ ಗಂಡನಿಂದ ಇನ್ನೊಮ್ಮೆ ಪಾಠ ಒಪ್ಪಿಸಿಕೊಂಡಳು.

"ದಮ್ಮು ಹತ್ತತೈತೇನ್ರಿ?"

"ಇಲ್ಲ."

"ಬೀಡಿ?"

"ಮುಟ್ಟಿದಾಂವಲ್ಲ."

"ಹ್ವಾದ ವರ್ಷ ಲಕ್ವಾ ಹೊಡದಿತ್ತಲ್ಲ?"

"ಯಾರಿಗೆ?" ಅಂದ ಸಣ್ಣಪ್ಪ.

ಫಕೀರಮ್ಮನಿಗೆ ಸಮಾಧಾನವಾಯಿತು. ಪಾಠ ಪಕ್ಕಾ ಆಗಿತ್ತು.

ಯಲಬುರ್ಗಾದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಣ್ಣಪ್ಪನ ಎದೆಯೊಳಗೆ ಒಂದು ವಾಲ್ವು ಬಿರುಸಾಗಿ, ರಕ್ತ ಹೋಗುವ ದಾರಿ ಕಿರಿದಾಗಿತ್ತು. ಹೊಸದು ಕೂಡಿಸದಿದ್ದರೆ ಬಹಳ ದಿನ ಇಲ್ಲ ಎಂದು ಊರ ಡಾಕ್ಟರು ಹೇಳಿದ್ದರು. ಹೋದ ತಿಂಗಳು ಬೇರೆ ಊರಿನ ದೊಡ್ಡ ಆಸ್ಪತ್ರೆಗೆ ಹೋದಾಗ ಫಕೀರಮ್ಮ ಒಂದನ್ನೂ ಬಿಡದೆ ಹೇಳಿದ್ದಳು. ಬೀಡಿ ಸೇದಿದ್ದು, ಲಕ್ವಾ ಹೊಡೆದು ಕೈ ಬಿದ್ದು ಮತ್ತೆ ಎದ್ದಿದ್ದು, ಕೂತೇ ನಿದ್ದೆ ಮಾಡುವುದು, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ತೇಕುವುದು, ಎಲ್ಲ. ಅಲ್ಲಿನ ಸರ್ಜನ್ ಕೇಳಿಸಿಕೊಂಡು, ಇಂಥವರ ಎದೆ ಕೊಯ್ದರೆ ಅಪಾಯವೇ ಹೆಚ್ಚು, ಗುಳಿಗೆ ತಗೊಂಡು ಮನೆಯಲ್ಲೇ ಇರಲಿ ಎಂದು ಕಳಿಸಿಬಿಟ್ಟ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಎರಡನೇ ಸಲ ಒದೆಸಿಕೊಳ್ಳಲು ಫಕೀರಮ್ಮ ತಯಾರಿರಲಿಲ್ಲ.

ಲಿಫ್ಟಿನಲ್ಲಿ ಹೋದರೆ ಯಾರಿಗಾದರೂ ಸಂಶಯ ಬಂದೀತೆಂದು ಅವನಿಗೆ ಮೆಟ್ಟಿಲೇ ಹತ್ತಿಸಿದಳು. ಅರ್ಧಕ್ಕೇ ಅವನ ಮಾತು ನಿಂತಿತು. ಮೇಲೆ ಕಂಬದ ಮರೆಗೆ ಕೂಡಿಸಿ, ಸೆರಗಿನಿಂದ ಗಾಳಿ ಹಾಕಿ, ಬೆವರು ಒರೆಸಿ, ಉಸಿರು ಹತೋಟಿಗೆ ಬಂದ ಮೇಲೆ ಒಳಗೆ ಕರೆದೊಯ್ದಳು.

ವಾರಕ್ಕೊಮ್ಮೆ ಹೊರಗಿನಿಂದ ಬರುವ ಹೃದಯದ ಡಾಕ್ಟರು, ಲಲಿತಾ ಎಂಬ ನಡುವಯಸ್ಸಿನ ಹೆಂಗಸು, ರಿಪೋರ್ಟು ನೋಡುತ್ತ ಒಂದೊಂದೇ ಪ್ರಶ್ನೆ ಕೇಳಿದರು. ಸಣ್ಣಪ್ಪ ಒಂದಕ್ಷರ ತಪ್ಪಲಿಲ್ಲ. ಹುರುಪು ಬಂದು, ಕಲಿಸದೆ ಇದ್ದದ್ದನ್ನೂ ಸೇರಿಸಿದ.

"ಮೊನ್ನಿ ಹುಣ್ಣಿವಿಗೆ ಹೇಮಗುಡ್ಡ ಹತ್ತಿ ಬಂದೀನ್ರಿ. ನಡುವ ಎಲ್ಲೂ ಕುಂತಿಲ್ಲ."

ಡಾಕ್ಟರು ಹೆಂಡತಿಯ ಕಡೆ ನೋಡಿದರು.

"ಹೌದ್ರಿ. ನಾನ ಹಿಂದ ಬಿದ್ದಿದ್ದೆ," ಅಂದಳು ಫಕೀರಮ್ಮ. ಹೇಳುವಾಗ ಗಂಡ ನಿಜವಾಗಿಯೂ ಮುಂದೆ ಮುಂದೆ ಗುಡ್ಡ ಹತ್ತುತ್ತಿರುವಂತೆ ಕಂಡು, ಒಂದು ಗಳಿಗೆ ಅವಳಿಗೆ ಖುಷಿಯೇ ಆಯಿತು.

ಡಾಕ್ಟರು ರಿಪೋರ್ಟು ಮಡಚಿದರು. "ಛಲೋ ಆತು. ವಾಲ್ವು ಸಣ್ಣ ಆಗೈತಿ, ಖರೆ. ಆದ್ರ ಗುಡ್ಡ ಹತ್ತೋ ಮನಷ್ಯಾಗ ಅವಸರ ಮಾಡಿ ಎದಿ ಕೊಯ್ಯೂದು ಬ್ಯಾಡ. ತ್ರಾಸ ಶುರು ಆದ ಮ್ಯಾಲೆ ಮಾಡೂಣು. ಆರು ತಿಂಗಳ ಬಿಟ್ಟು ಬರ್ರಿ."

ಒಳಗೊಳಗೇ ಕತ್ತರಿ ಚಾಕುವಿಗೆ ಹೆದರಿದ್ದ ಸಣ್ಣಪ್ಪ ಕೈಮುಗಿದು ಎದ್ದೇಬಿಟ್ಟ. ಪರೀಕ್ಷೆ ಪಾಸಾದ ಕಳೆ ಅವನ ಮುಖದಲ್ಲಿತ್ತು. ಬಾಗಿಲ ತನಕ ಹೋಗಿ ಹಿಂದೆ ನೋಡಿದರೆ ಫಕೀರಮ್ಮ ಕೂತಲ್ಲೇ ಇದ್ದಳು.

ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಗಂಡನ ಉಸಿರು ಬರುತ್ತಿದೆಯೇ ಎಂದು ದಿನಾ ಕಿವಿಗೊಟ್ಟು ಮಲಗುವವಳು ಅವಳು. ಆರು ತಿಂಗಳು ಅವನು ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಅದು ಡಾಕ್ಟರ ಮೇಲೋ, ಗುಡ್ಡ ಹತ್ತಿ ಬಂದ ಗಂಡನ ಮೇಲೋ, ತನ್ನ ಮೇಲೋ ತಿಳಿಯಲಿಲ್ಲ.

"ಮತ್ತೇನರ ಕೇಳೂದೈತೇನಮ್ಮ?" ಅಂದರು ಡಾಕ್ಟರು.

"ಐತ್ರಿ ಡಾಕ್ಟರ್ ಬಾಯಾರ. ಆ ಊರಾಗ, ಜಡ್ಡು ಭಾಳ ಆಗೈತಿ, ಒಲ್ಲೆ ಅಂದ್ರು. ನೀವು, ಜಡ್ಡು ಸಾಲೂದಿಲ್ಲ, ಆಮ್ಯಾಲೆ ಬಾ ಅಂತೀರಿ. ಎಷ್ಟು ಜಡ್ಡು ಇದ್ರ ಆಪರೇಷನ್ ಮಾಡ್ತೀರಿ, ಒಮ್ಮಿ ಹೇಳಿಬಿಡ್ರಿ. ಅಷ್ಟ ಹೇಳ್ತೀನಿ."