ಮರಮ್ಮನ ಎಡೆ

ಅಮಾವಾಸ್ಯೆಯ ಸಂಜೆ ಗಾಡಿಯಿಂದಿಳಿದು ಬೀಗ ತೆಗೆದವಳೇ ಮಾಯಮ್ಮ ಅಭ್ಯಾಸದಂತೆ ನೇರ ಒಲೆಯ ಬೂದಿಗೆ ಕೈಯಿಟ್ಟಳು. ತಣ್ಣಗಿತ್ತು. ಮಗಳ ಬಾಣಂತನಕ್ಕೆಂದು ಗಂಡ ಹೆಂಡತಿ ಕೊಪ್ಪಕ್ಕೆ ಹೋಗಿ ತಿಂಗಳಾಗಿತ್ತು. ಎರಡು ದಿನ ಮೊದಲೇ ಬರಬೇಕಾದವರು, ದಾರಿಯಲ್ಲಿ ಗಾಡಿಯ ಅಚ್ಚು ಮುರಿದು, ಹಿರಿಯರ ಹಬ್ಬದ ದಿನವೇ ಊರು ಮುಟ್ಟಿದ್ದರು. ಅತ್ತೆ ಮರಮ್ಮ ತೀರಿಕೊಂಡದ್ದು ಆಷಾಢದಲ್ಲಿ. ಇವತ್ತು ಅವಳಿಗೆ ಮೊದಲ ಎಡೆ. ಬಾಗಿಲಿಗೆ ಬಂದ ಜೀವ ಹಸಿದು ಹಿಂದಿರುಗಿದರೆ ಮತ್ತೆ ಬರುವುದು ಮುಂದಿನ ವರ್ಷವೇ.

"ಸಂತೆ ನಾಳಿದ್ದು," ಎತ್ತು ಬಿಚ್ಚುತ್ತ ಗಂಡ ಸಣ್ಣಬೀರಯ್ಯ ಹೇಳಿದ. "ಒಂದು ಸೊಪ್ಪಿನ ಕಡ್ಡೀನೂ ಇಲ್ವಲ್ಲೇ. ಏನ್ ಮಾಡ್ತೀಯೆ?"

"ಹುರುಳಿಕಾಳೈತೆ, ರಾಗಿಹಿಟ್ಟೈತೆ. ಒಣಗ್ಸಿದ ಬದ್ನೆಕಾಯಿ ಗಡಿಗೇಲೈತೆ. ಬೆಲ್ಲ ಹಾಕಿ ನುಚ್ಚಕ್ಕಿ ಪಾಯ್ಸ ಮಾಡ್ತೀನಿ. ಬೆಂಕಿ ಒಂದಿಲ್ಲ ಕಣ್ರೀ."

ಗೂಡಿನಲ್ಲಿದ್ದ ಬೆಂಕಿಪೊಟ್ಟಣ ಸೂರು ಸೋರಿ ನೆನೆದು ಮುದ್ದೆಯಾಗಿತ್ತು. ಕೇರಿಯ ಮನೆಗಳಲ್ಲಿ ಆಗಲೇ ದೀಪ ಹತ್ತಿತ್ತು. ಈ ಹಬ್ಬದ ದಿನ ದೀಪ ಹತ್ತಿದ ಮೇಲೆ ಯಾವ ಮನೆಯಿಂದಲೂ ಬೆಂಕಿ ಹೊರಗೆ ಹೋಗುವಂತಿಲ್ಲ; ಅದರ ಬೆನ್ನಿಗೆ ಮನೆಯ ಹಿರಿಯರೂ ಹೊರಟುಬಿಡುತ್ತಾರೆ ಎನ್ನುತ್ತಿದ್ದರು. ಗೊತ್ತಿದ್ದೂ ಮಾಯಮ್ಮ ಒಂದು ಮಡಕೆಯ ಚೂರು ಹಿಡಿದು ಪಕ್ಕದ ಚೆಲುವಮ್ಮನ ಹೊಸಲಿಗೆ ಹೋಗಿ ನಿಂತಳು.

ಅಲ್ಲಿ ನಿಂತು ವರ್ಷವಾಗಿತ್ತು. ಮರಮ್ಮ ಊರಿದ ಕುಂಬಳದ ಬಳ್ಳಿ ಗೋಡೆ ಹತ್ತಿ ಆಚೆ ಇಳಿದು ಬಿಟ್ಟ ಕಾಯನ್ನು ಚೆಲುವಮ್ಮ ಕೊಯ್ದು ಪಲ್ಯ ಮಾಡಿದ್ದಳು. "ಸತ್ರೂ ನಿನ್ನ ಹೊಸ್ಲು ತುಳಿಯಾಕಿಲ್ಲ ಕಣೆ!" ಎಂದು ಮರಮ್ಮ ಬೀದಿಯ ಮಣ್ಣು ಮುಟ್ಟಿ ಆಣೆಯಿಟ್ಟಿದ್ದಳು. ಸಾಲದೆಂಬಂತೆ ಈ ವರ್ಷವೂ ಅದೇ ಗೋಡೆಯ ಬುಡಕ್ಕೇ ಬೀಜ ಊರಿ, ಹೂವು ನೋಡುವ ಮೊದಲೇ ಕಣ್ಣು ಮುಚ್ಚಿದ್ದಳು.

"ಚೆಲುವಕ್ಕ, ಒಂದು ಕೆಂಡ..."

ಒಲೆಯ ಮುಂದಿದ್ದ ಚೆಲುವಮ್ಮ ತಲೆಯೆತ್ತಲಿಲ್ಲ. "ದೀಪ ಹಚ್ಚಾಯ್ತು. ಕೊಡಕಾಗಕಿಲ್ಲ."

ಮಾಯಮ್ಮ ಮನೆಯತ್ತ ತಿರುಗಿದಳು.

"ಎತ್ತಗೋದೆ? ಕೆಂಡ ಆಚೆ ಹೋಗಂಗಿಲ್ಲ ಅಂದೆ. ಗಡಿಗೆ ಒಳಕ್ಕೆ ಬರಂಗಿಲ್ಲ ಅಂದ್ನಾ? ಅತ್ತೆಗೆ ತಕ್ಕ ಸೊಸೆ ಸಿಕ್ಕಿದ್ದೀಯ. ತಗಂಬಾ ಹೋಗು!"

ಮಾಯಮ್ಮ ತಂದ ಗಡಿಗೆಯಲ್ಲಿ, ಚೆಲುವಮ್ಮನ ಒಲೆಯ ಮೇಲೆ, ಕಾಳು ಬೇಯತೊಡಗಿತು. ಚೆಲುವಮ್ಮ ಮೂಲೆಯಿಂದ ಒಂದು ಇಡೀ ಕುಂಬಳಕಾಯಿ ಉರುಳಿಸಿಕೊಂಡು ಬಂದು ಮಾಯಮ್ಮನ ಮುಂದೆ ನಿಲ್ಲಿಸಿದಳು. ತೊಟ್ಟಿನಲ್ಲಿ ಇನ್ನೂ ಹಸಿರಿತ್ತು.

"ನಿಮ್ಮತ್ತೆ ಬಳ್ಳೀದು. ಈ ಸಲಾನೂ ನನ್ನ ಕಡೇನೇ ಬುಟ್ಟೈತೆ."

"ನೀನು ಮಾಡ್ಕಳ್ಲಿಲ್ವಾ ಅಕ್ಕ?"

"ಬೈಯೋರಿಲ್ದೆ ತಿಂದ್ರೆ ಏನ್ ರುಚಿ?" ಎಂದು ಚೆಲುವಮ್ಮ ಈಳಿಗೆಮಣೆ ಮುಂದಕ್ಕೆ ತಳ್ಳಿದಳು.

ಅಡುಗೆಯಾಯಿತು. ಆದರೆ ದೀಪವಿಲ್ಲದ ಮನೆಯಲ್ಲಿ ಎಡೆಯಿಡುವುದು ಹೇಗೆ? ದೀಪದ ಬೆಂಕಿಯೂ ಈ ಮನೆ ಬಿಟ್ಟು ಹೋಗುವಂತಿಲ್ಲ. ಚೆಲುವಮ್ಮ ತನ್ನ ಹಿರಿಯರ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿ, ಹೋಗಿ ಹೊಸಲ ಮೇಲೆ ಕೂತಳು. ಮಾಯಮ್ಮ ಸಾರು, ಮುದ್ದೆ, ಬದನೆಕಾಯಿ, ಪಾಯಸ ಬಡಿಸಿ, ಕುಂಬಳದ ಪಲ್ಯವನ್ನು ತುದಿಗಿಟ್ಟಳು.

"ಆಣೆ ಇಟ್ಟೋದೋಳು. ಇಲ್ಲಿಗೆ ಬತ್ತಾಳಾ ಅಕ್ಕ?"

"ನೀನು ಕರಿ."

ಮಾಯಮ್ಮ ಕತ್ತಲೆಯ ಬೀದಿಯತ್ತ ಮುಖ ಮಾಡಿ ಕೈ ಮುಗಿದಳು. "ಅತ್ತೆವ್ವಾ, ಪಕ್ಕದ್ಮನೇಲಿವ್ನಿ. ಇಲ್ಲಿಗೇ ಬನ್ನಿ. ಎಡೆ ಇಕ್ಕೀವ್ನಿ."

ಹೊಸಲ ಮೇಲೆ ಕೂತಿದ್ದ ಚೆಲುವಮ್ಮ ದಡಬಡಿಸಿ ಎದ್ದು, ತಲೆಯ ಮೇಲೆ ಸೆರಗೆಳೆದುಕೊಂಡು, ಬಾಗಿಲ ಒಂದು ಮಗ್ಗುಲಿಗೆ ಸರಿದು ದಾರಿ ಬಿಟ್ಟಳು.