ಹಾಲೆಂಡ್ ಮಠದ ಸ್ವಾಮಿಗಳು

ಚಿಕ್ಕಮಗಳೂರಿನಿಂದ ಕಡೂರಿಗೆ ಹೊರಟಿದ್ದ ಬಸ್ಸು ಸಖರಾಯಪಟ್ಟಣಕ್ಕೆ ಬಂದು ಆಕ್ಸಲ್ ಮುರಿದುಕೊಂಡು ಕುಂತುಬಿಟ್ಟಿತು. ಅದರಿಂದ ತಲೆ ಬಗ್ಗಿಸಿ ಇಳಿದ ಉದ್ದನೆಯ ಬಿಳಿಯನನ್ನು ಕಂಡು ಜನ ತಾವಾಗಿಯೇ ದಾರಿ ಬಿಟ್ಟರು. ಎದೆಯ ತನಕ ಗಡ್ಡ, ಕಿತ್ತಳೆ ಬಣ್ಣದ ಅಂಗಿ, ಗೋಕರ್ಣದಲ್ಲಿ ಕೊಂಡ ಅದೇ ಬಣ್ಣದ ಪಂಚೆ. ನೋಡನೋಡುತ್ತ ಇಬ್ಬರು ಕಾಲಿಗೆ ಬಿದ್ದದ್ದೂ ಆಯಿತು. ಬಿಳಿಯನಿಗೆ ಅದರ ಪರಿವೆಯೇ ಇಲ್ಲ. ಗಡಿಯಾರ ನೋಡಿಕೊಂಡು ಬಡಬಡಿಸುತ್ತಿದ್ದ.

ಜನ ಬಸ್ ಏಜೆಂಟ್ ತೀರ್ಥಪ್ಪನನ್ನು ಮುಂದಕ್ಕೆ ತಳ್ಳಿದರು. ಬಿ.ಎ. ಪಾಸಾದವನು, ಅಮಲ್ದಾರರ ಕೆಮ್ಮಿನಿಂದ ಹಿಡಿದು ಏರು ಹತ್ತುವ ಬಸ್ಸಿನ ನರಳಾಟದವರೆಗೆ ಏನನ್ನು ಬೇಕಾದರೂ ಗಂಟಲಲ್ಲಿ ತರಿಸುವವನು. ಅವನು ಇಂಗ್ಲಿಷಿನಲ್ಲಿ ವಿಚಾರಿಸಲಾಗಿ, ಆಸಾಮಿಯ ಹೆಸರು ಹೆಂಕ್, ದೇಶ ಹಾಲೆಂಡ್, ಕಸುಬು ತಿರುಗಾಟ ಎಂದು ತಿಳಿಯಿತು. ಇವತ್ತು ಸಂಜೆ ಏಳಕ್ಕೆ ಜರ್ಮನಿಯಲ್ಲಿ ಅವನ ದೇಶಕ್ಕೂ ರಷ್ಯಾಕ್ಕೂ ಫುಟ್‌ಬಾಲ್ ಫೈನಲ್. ಕಿತ್ತಳೆ ಅವರ ರಾಜಮನೆತನದ ಬಣ್ಣ. ಈ ಎಂಬತ್ತೆಂಟರ ಜೂನಿನಲ್ಲಿ ಅಲ್ಲಿ ನಾಯಿಗೂ ಅದೇ ಅಂಗಿ ತೊಡಿಸಿದ್ದಾರೆ. ಕಡೂರಿನ ಲಾಡ್ಜಿನಲ್ಲಿ ಕೂತು ರೇಡಿಯೋ ಕೇಳುವ ಯೋಚನೆ ಮಣ್ಣುಪಾಲಾಗಿತ್ತು.

“ಯಾವ ಮಠದೋರಂತೋ?” ಎಂದ ಹೋಟೆಲಿನ ಷಣ್ಮುಖಪ್ಪ.

ತೀರ್ಥಪ್ಪನ ನಾಲಿಗೆ ತುರಿಸಿತು. “ಹಾಲೆಂಡ್ ಮಠ. ಹೆಂಕಪ್ಪ ಸ್ವಾಮಿಗಳು. ಹಾಲು ಬಿಟ್ರೆ ಬೇರೇನೂ ಮುಟ್ಟಲ್ವಂತೆ,” ಎಂದು ಮಠದ ಪಾರುಪತ್ಯಗಾರರ ಮೂಗುದನಿಯಲ್ಲೇ ಒಪ್ಪಿಸಿದ. ಬಿಯರ್ ಸಿಗುತ್ತದೆಯೇ ಎಂದು ಕೇಳಿದ್ದ ಹೆಂಕನ ಕೈಗೆ ಬಿಸಿಬಿಸಿ ಹಾಲಿನ ಲೋಟ ಬಂತು.

ಹೊರದೇಶದ ಸ್ಟೇಷನ್ ಹಿಡಿಯುವ ರೇಡಿಯೋ ಹತ್ತಿರದಲ್ಲಿ ಇದ್ದದ್ದು ನಿಲ್ದಾಣದ ಹಿಂದಿನ ಲಿಂಗಮ್ಮನ ಮನೆಯಲ್ಲಿ. ಅದು ಅವಳ ಮಗ ತಮ್ಮಯ್ಯನದು. ಅವನು ಕಾವಿ ಉಟ್ಟು ಉತ್ತರದ ಕಡೆ ಹೋದವನು, ಒಂದು ಸುದ್ದಿಯೂ ಇರಲಿಲ್ಲ. ಕಾವಿ ಉಟ್ಟವನಿಗೆ ಊರಿಲ್ಲ, ತಾಯಿಯಿಲ್ಲ, ಹುಡುಕಬಾರದು ಎಂದು ದೊಡ್ಡವರು ಹೇಳಿದ್ದರು. ಲಿಂಗಮ್ಮ ಹುಡುಕಲಿಲ್ಲ. ಸೆಲ್ಲು ತೆಗೆಸಿ, ಬಟ್ಟೆ ಸುತ್ತಿ, ರೇಡಿಯೋ ಎತ್ತಿಟ್ಟಳು. ಬಸ್ಸಿನಿಂದ ಕಾವಿ ಇಳಿದಾಗಲೆಲ್ಲ ಬಂದು ಮುಖ ನೋಡಿಕೊಂಡು ಹೋಗುತ್ತಿದ್ದಳು. ಇವತ್ತೂ ಬಂದಿದ್ದಳು.

“ಇವ್ರನ್ನ ಒಂದ್ ಮಾತು ಕೇಳಪ್ಪ,” ಎಂದಳು. “ಈ ಬಣ್ಣ ಉಟ್ಟೋರಿಗೆ ಊರು ನೆಪ್ಪಾಗುತ್ತಾ ಅಂತ.”

ತೀರ್ಥಪ್ಪ ಆ ಕಡೆ ಈ ಕಡೆ ನೋಡಿ, ಸ್ವಾಮಿಗಳಿಗೆ ಈಗ ಅರ್ಜೆಂಟಾಗಿ ರೇಡಿಯೋ ಬೇಕಂತೆ, ಆಮೇಲೆ ಕೇಳುತ್ತೇನೆ ಎಂದು ಜಾರಿಕೊಂಡ. ಯಾರಿಗೂ ಮುಟ್ಟಗೊಡದಿದ್ದ ರೇಡಿಯೋವನ್ನು ಲಿಂಗಮ್ಮ ತಾನೇ ತಂದು ಹೋಟೆಲಿನ ಜಗಲಿಯ ಮೇಲಿಟ್ಟಳು. ಷಣ್ಮುಖಪ್ಪ ತನ್ನ ಟಾರ್ಚಿನ ಸೆಲ್ಲು ಬಿಚ್ಚಿ ಕೊಟ್ಟ. ಅವನ್ನು ಹಾಕುತ್ತ ತೀರ್ಥಪ್ಪ, ಜನ ಯಾಕೆ ಕಾಲಿಗೆ ಬೀಳುತ್ತಾರೆಂದು ಹೆಂಕನಿಗೆ ಇಂಗ್ಲಿಷಿನಲ್ಲಿ ತಿಳಿಸಿದ: ನಮ್ಮಲ್ಲಿ ಇದು ಮನೆ ಬಿಟ್ಟವರ ಬಣ್ಣ. ಹೆಂಕ್ ಮೊದಲು ಹೊಟ್ಟೆ ಹಿಡಿದು ನಕ್ಕ. ರೇಡಿಯೋ ಸುತ್ತಿದ್ದ ಬಟ್ಟೆಯನ್ನು ಮಡಿಸುತ್ತ ನಿಂತ ಮುದುಕಿ ಯಾರೆಂದು ಕೇಳಿ ತಿಳಿದ ಮೇಲೆ ನಗು ನಿಂತಿತು. ತನ್ನ ಅಂಗಿಯನ್ನು ಮೊದಲ ಸಲ ಕಂಡವನಂತೆ ನೋಡಿಕೊಂಡ.

ಅಷ್ಟರಲ್ಲಿ ಗೊರಗೊರ ಸದ್ದಿನ ನಡುವೆ ಸ್ಟೇಷನ್ ಸಿಕ್ಕಿತು, ಆಟ ಆಗಲೇ ಶುರುವಾಗಿತ್ತು. ತೀರ್ಥಪ್ಪ ರೇಡಿಯೋದವನ ಏದುಸಿರನ್ನೂ ಬಿಡದೆ ಕನ್ನಡದಲ್ಲಿ ಕಾಮೆಂಟರಿ ಕೊಟ್ಟ. ಮೊದಲ ಗೋಲಿಗೆ ಹೆಂಕ್ ಹಾರಿದ ಹೊಡೆತಕ್ಕೆ ತಲೆ ಸೂರಿಗೆ ತಾಗಿ ಹೆಂಚು ಅಲುಗಿತು. ಎರಡನೆಯದಕ್ಕೆ ಷಣ್ಮುಖಪ್ಪನನ್ನೇ ಎತ್ತಿಕೊಂಡ. ಫುಟ್‌ಬಾಲು ಚೌಕವೋ ಗುಂಡೋ ಎಂದು ತಿಳಿಯದವರೂ ಜಗಲಿ ತುಂಬಿಕೊಂಡು ರಷ್ಯಾದವರನ್ನು ಬೈಯತೊಡಗಿದರು. ಆಗ ರಷ್ಯಾಕ್ಕೆ ಪೆನಾಲ್ಟಿ ಸಿಕ್ಕಿತು. ಒದೆಯುವವನೊಬ್ಬ, ತಡೆಯುವವನೊಬ್ಬ, ನಡುವೆ ಯಾರೂ ಇಲ್ಲ ಎಂದು ತೀರ್ಥಪ್ಪ ವಿವರಿಸುವಷ್ಟರಲ್ಲಿ ಸ್ಟೇಷನ್ ಹಾರಿಹೋಯಿತು. ಹೆಂಕ್ ಕಣ್ಣು ಮುಚ್ಚಿ ಕೈ ಮುಗಿದ. ಅದನ್ನು ನೋಡಿ ಇಡೀ ಜಗಲಿ ಕೈ ಮುಗಿಯಿತು. ಷಣ್ಮುಖಪ್ಪ ಬೆಂಚು ಹತ್ತಿ ಏರಿಯಲ್ ತಂತಿಯನ್ನು ತೆಂಗಿನ ಮರಕ್ಕೆ ಒತ್ತಿ ಹಿಡಿದ. ಗೊರ್ ಎಂದು, ಮತ್ತೆ ದನಿ ಬಂತು: ತಡೆದಿದ್ದ!

ಆಮೇಲಿನದು ಯಾರಿಗೂ ಸರಿಯಾಗಿ ಕೇಳಲಿಲ್ಲ, ಅಷ್ಟು ಗಲಾಟೆ. ಕೊನೆಯ ಸೀಟಿ ಊದಿದಾಗ ಹೆಂಕ್ ಮಾತ್ರ ಕುಣಿಯಲಿಲ್ಲ. ಕಂಬಕ್ಕೆ ಒರಗಿ ಕುಸಿದು, ಮಗುವಿನಂತೆ ಅಳುತ್ತ ತನ್ನ ಭಾಷೆಯಲ್ಲಿ ಏನೋ ಹೇಳಿದ, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ.

“ಯಾಕಪ್ಪ ಅಳ್ತಾರೆ ಸ್ವಾಮಿಗಳು?” ಲಿಂಗಮ್ಮ ಕೇಳಿದಳು.

“ಅವ್ರ ಊರೋರು ಗೆದ್ರಂತೆ ಕಣವ್ವ,” ಎಂದ ತೀರ್ಥಪ್ಪ. “ಅವ್ರವ್ವ ಈಗ ಬೀದೀಲಿ ಕುಣೀತಿರ್ತಾಳಂತೆ. ಪಕ್ಕದಲ್ಲಿ ನಾನಿಲ್ವಲ್ಲ ಅಂತಾರೆ.”

ಆ ಸಂಜೆ ಅವನು ಒಂದಕ್ಷರವೂ ಸೇರಿಸದೆ ಹೇಳಿದ ಮಾತು ಅದೊಂದೇ. ಇವರು ಸ್ವಾಮಿಗಳಲ್ಲ, ಇದು ಕಾವಿಯೂ ಅಲ್ಲ ಎನ್ನಲು ಬಾಯಿ ತೆರೆದ. ಅಮಲ್ದಾರರು, ಪಾರುಪತ್ಯಗಾರರು, ಬಸ್ಸು, ಎಲ್ಲರ ದನಿಯೂ ಅವನಲ್ಲಿತ್ತು. ಅದನ್ನು ಹೇಳುವ ದನಿ ಮಾತ್ರ ಬರಲಿಲ್ಲ. ಷಣ್ಮುಖಪ್ಪನ ಸೆಲ್ಲು ವಾಪಸು ಕೊಡೋಣವೆಂದು ಬಗ್ಗಿ ರೇಡಿಯೋದ ಹಿಂಬದಿ ಬಿಚ್ಚಹೋದ.

ಲಿಂಗಮ್ಮ ಅದರ ಮೇಲೆ ಕೈಯಿಟ್ಟಳು.

“ತೆಗೀಬ್ಯಾಡ ಕಣಪ್ಪ,” ಎಂದಳು. “ಅದ್ರಲ್ಲೇ ಇರ್ಲಿ. ಬಂದೋನು ಮೊದ್ಲು ಅದ್ನೇ ತಿರುವೋದು.”