ಖರೇ ಹೆಸರು

“ಹೆಸರ ಹೇಳ್ರಿ ಕಾಕು,” ಎಂದು ಮುಬೀನಾ ಫೋನನ್ನು ತನ್ನ ಗೆಳೆಯನ ತಾಯಿ ಕಸ್ತೂರೆವ್ವನ ಮುಖದ ಹತ್ತಿರ ಹಿಡಿದಳು. ವಿಡಿಯೊ ಕರೆಯ ಪರದೆಯಲ್ಲಿ ನೇಪಾಳ, ಬರ್ಮಾ, ಕೀನ್ಯಾದ ಹುಡುಗ ಹುಡುಗಿಯರು ಕಾಯುತ್ತಿದ್ದರು. ಜೈಲಿನಲ್ಲಿರುವ ಗೆಳೆಯರ ಹೆಸರನ್ನು ಮನೆಯವರು ಹೇಳಬೇಕು, ಉಳಿದ ದೇಶದವರೆಲ್ಲ ಅದನ್ನು ಕೂಗಬೇಕು. ಇದು ಅವರು ಮಾಡಿಕೊಂಡ ಪದ್ಧತಿ.

“ನಮ್ಮ ತಮ್ಮಣ್ಣ,” ಎಂದಳು ಕಸ್ತೂರೆವ್ವ.

“ಹಂಗಲ್ರಿ, ಖರೇ ಹೆಸರು.”

ಆಕೆ ಗೋಡೆಯತ್ತ ನೋಡಿದಳು. ಮತದಾರರ ಪಟ್ಟಿಯಿಂದ ಓಣಿಯವರ ಹೆಸರು ಯಾಕೆ ತೆಗೆದಿರಿ ಎಂದು ಕೇಳಲು ಹೋದ ಮಗ ಜೈಲು ಸೇರಿ ನಾಲ್ಕು ತಿಂಗಳಾಗಿತ್ತು. ಅವನಿಗೆ ಇಟ್ಟಿದ್ದು ಅಜ್ಜನ ಹೆಸರು. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಆಡುವಂತಿರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಹೆತ್ತ ಮಗನನ್ನು ಆ ಹೆಸರಿನಿಂದ ಆಕೆ ಒಮ್ಮೆಯೂ ಕರೆದಿರಲಿಲ್ಲ.

“ನಾನ ಹೇಳ್ಲೇನ್ರಿ?”

“ಬ್ಯಾಡ.” ಕಸ್ತೂರೆವ್ವ ತಲೆಯ ಮೇಲೆ ಸೆರಗು ಹೊದ್ದು, ಗೋಡೆಯ ಮೇಲಿದ್ದ ಮಾವನ ಫೋಟೋಕ್ಕೆ ಕೈಮುಗಿದಳು. “ತಪ್ಪ ತಿಳ್ಕೋಬ್ಯಾಡ್ರಿ ಮಾವಾರ.” ಆಮೇಲೆ ಫೋನಿನತ್ತ ತಿರುಗಿ, ಓಣಿಗೆಲ್ಲ ಕೇಳುವಂತೆ ಕೂಗಿದಳು: “ಸಿದ್ದಲಿಂಗ!”

ಮೂರು ದೇಶದ ಗಂಟಲುಗಳು ಆ ಹೆಸರನ್ನು ಮರಳಿ ಕೂಗಿದವು. ಆಕೆ ಕಣ್ಣೊರೆಸಿಕೊಳ್ಳಲಿಲ್ಲ. ಪರದೆಯ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ, ಮಗ ಜೈಲಿನಲ್ಲಿದ್ದ ಬರ್ಮಾದ ತಾಯಿಯೊಬ್ಬಳನ್ನು ನೋಡಿ ಹೇಳಿದಳು:

“ಈಗ ನಿನ್ನ ಮಗನ ಹೆಸರ ಹೇಳವ್ವಾ. ನಾ ಒದರ್ತೇನಿ.”